ಎಡಕ್ಕೆ ನೋಡಿ, ಬಲಕ್ಕೆ ನೋಡಿ

ಹಗಲಿನ ರೈಲಿನಲ್ಲಿ ಸಕಲೇಶಪುರದ ಘಾಟಿ ಇಳಿಯುತ್ತಿದ್ದೆವು. ಎದುರು ಸೀಟಿನ ಹುಡುಗ ಫೋನಿನಲ್ಲಿ ಇದೇ ಘಾಟಿಯ ರೀಲ್ಸ್ ನೋಡುತ್ತಿದ್ದ. 'ಕಿಟಕಿ ಸೀಟು ಮಿಸ್ ಮಾಡ್ಕೋಬೇಡಿ ಫ್ರೆಂಡ್ಸ್' ಅಂತ ಅದರಲ್ಲೊಬ್ಬಳು ಕಿರುಚುತ್ತಿದ್ದಳು. ಅವನು ಕೂತಿದ್ದದ್ದೇ ಕಿಟಕಿ ಸೀಟಿನಲ್ಲಿ. "ತಮ್ಮಾ, ಹೊರಗೆ ನೋಡಪ್ಪ" ಅಂದೆ. "ಒಂದ್ನಿಮಿಷ ಅಂಕಲ್, ಇದು ಮುಗೀಲಿ" ಅಂದ. ಅಷ್ಟರಲ್ಲಿ ಸುರಂಗ ಬಂತು.

ಸುಮ್ನೆ ಫೋನನ್ನು ಬೈದು ಪ್ರಯೋಜನವಿಲ್ಲ. ಈ ಕಾಯಿಲೆಗೆ ನೂರೈವತ್ತು ವರ್ಷ ದಾಟಿದೆ. 1869ರ ಮೇ 10ರಂದು ಅಮೆರಿಕದ ಯೂಟಾದಲ್ಲಿ ಪೂರ್ವದಿಂದ ಬಂದ ರೈಲು ಹಳಿಯೂ ಪಶ್ಚಿಮದಿಂದ ಬಂದ ಹಳಿಯೂ ಕೂಡಿದವು. ಚಿನ್ನದ ಮೊಳೆ ಇಟ್ಟರು, ಭಾಷಣ ಮಾಡಿದರು, ಆಮೇಲೆ ಅದನ್ನು ಹುಷಾರಾಗಿ ತೆಗೆದು ಕಬ್ಬಿಣದ ಮೊಳೆ ಹೊಡೆದರು. ಜಾರ್ಜ್ ಕ್ರಾಫಟ್ ಎಂಬ ಪುಣ್ಯಾತ್ಮ ಅದೇ ವರ್ಷ ಪ್ರಯಾಣಿಕರ ಕೈಪಿಡಿಯನ್ನೂ ಅಚ್ಚು ಹಾಕಿಸಿಬಿಟ್ಟ. ಯಾವ ಸ್ಟೇಷನ್ ಎಷ್ಟು ಮೈಲಿ, ಎಷ್ಟು ಎತ್ತರ, ಎಲ್ಲಿ ಏನು ನೋಡಬೇಕು, ಎಲ್ಲ ಅದರಲ್ಲಿತ್ತು. ನೋಡುವ ಕಷ್ಟವನ್ನೂ ಆತನೇ ಹೊತ್ತುಕೊಂಡಿದ್ದ. ಎಂಥ ಸೇವೆ!

ಸಮುದ್ರದಿಂದ ಸಮುದ್ರಕ್ಕೆ ಒಂದೇ ದಾರಿ ಅಂತ ಡಂಗುರ ಹೊಡೆದಾಗ ನಡುವೆ ಮಿಸೌರಿ ನದಿಗೆ ಸೇತುವೆಯೇ ಇರಲಿಲ್ಲ. ಗಂಟುಮೂಟೆ ಹೊತ್ತು ಇಳಿಯಬೇಕು, ಹೊಳೆ ದಾಟಬೇಕು, ಆಚೆ ದಡದ ಒಮಾಹಾ ಊರಿನಲ್ಲಿ ಮತ್ತೆ ರೈಲು ಹತ್ತಬೇಕು. ಸೇತುವೆ ಬಂದದ್ದು 1872ರಲ್ಲಿ. ಉದ್ಘಾಟನೆ ಮೊದಲು, ಸೇತುವೆ ಆಮೇಲೆ ಅನ್ನುವ ವಿದ್ಯೆ ನಮ್ಮವರದೇ ಅಂದುಕೊಂಡಿದ್ದೆ. ಈಗ ಆ ಹೆಮ್ಮೆಯೂ ಹೋಯಿತು.

ಊಟದ ಕಥೆ ಕೇಳಿ. ಒಮಾಹಾದಿಂದ ಆಚೆಗೆ ನಾಲ್ಕೈದು ದಿನದ ದಾರಿ. ಹೊಟ್ಟೆಗೆ ಬೇಕಾದರೆ ಸ್ಟೇಷನ್ನಿಗೆ ಇಳಿದು ಓಡಬೇಕು. ಅರ್ಧ ಗಂಟೆ ಸಿಕ್ಕರೆ ಜಾಸ್ತಿ. ಬೆಳಗ್ಗೆ ದನದ ಮಾಂಸ, ಕರಿದ ಮೊಟ್ಟೆ, ಕರಿದ ಆಲೂಗಡ್ಡೆ. ಮಧ್ಯಾಹ್ನ ಅದೇ. ರಾತ್ರಿಗೂ ಅದೇ. ಗಡಿಯಾರ ನೋಡಿ ಇದು ತಿಂಡಿಯೋ ಊಟವೋ ತಿಳಿಯೋಣ ಅಂದರೆ ಒಂದೊಂದು ಊರಿಗೂ ಒಂದೊಂದು ಟೈಮು! ಅಮೆರಿಕದ ರೈಲುಗಳು ಗಡಿಯಾರ ಸರಿಮಾಡಿಕೊಂಡದ್ದು 1883ರಲ್ಲಿ.

ನಮ್ಮ ಕ್ರಾಫಟ್ 1872ರಲ್ಲಿ ಒಂದು ಚಿತ್ರವನ್ನೂ ಬರೆಸಿದ. ಆಕಾಶದಲ್ಲಿ ಬಿಳಿ ಸೀರೆಯಂಥದ್ದನ್ನು ಸುತ್ತಿಕೊಂಡ ಹೆಂಗಸು, ಹಣೆಯ ಮೇಲೆ ನಕ್ಷತ್ರ, ಕೈಯಲ್ಲಿ ಪುಸ್ತಕ ಮತ್ತು ಟೆಲಿಗ್ರಾಫ್ ತಂತಿ. ಅವಳ ಹೆಸರು ಪ್ರಗತಿ. ಹಿಂದೆ ರೈಲು, ಬೆಳಕು. ಎಡಗಡೆಯ ಕತ್ತಲಿಗೆ ಕಾಡೆಮ್ಮೆಗಳ ಜೊತೆ ಅಲ್ಲಿನ ಮೂಲ ಜನ ಓಡುತ್ತಿದ್ದಾರೆ. ಒಬ್ಬ ಹಿಂದೆ ತಿರುಗಿ ನೋಡುತ್ತಿದ್ದಾನೆ. ಅವರದೇ ನೆಲ ಅದು. ಈ ಚಿತ್ರದ ಬಣ್ಣದ ಪ್ರತಿಗಳನ್ನು ಅವನ ಪತ್ರಿಕೆಯ ಚಂದಾದಾರರಿಗೆ ಹಂಚಿದರಂತೆ, ನಮ್ಮಲ್ಲಿ ದೇವರ ಕ್ಯಾಲೆಂಡರ್ ಕೊಟ್ಟ ಹಾಗೆ.

ಯೂಟಾದ ಕಣಿವೆಯಲ್ಲಿ ಒಂಟಿ ಪೈನ್ ಮರವೊಂದಿತ್ತು. ಒಮಾಹಾದಿಂದ ಸರಿಯಾಗಿ ಸಾವಿರ ಮೈಲಿ ಅಂತ ಅದಕ್ಕೊಂದು ಬೋರ್ಡು ನೇತುಹಾಕಿದರು. ಎಲ್ಲರೂ ಅದನ್ನು ನೋಡಿದರು. ನೋಡಲಿ, ಮರ ಪಾಪ ಏನು ಮಾಡಿತ್ತು? ಆದರೆ ಸಿಯೆರಾ ನೆವಾಡಾ ಬೆಟ್ಟಗಳ ಬಂಡೆ ಒಡೆದು ಹಳಿ ಹಾಕಿದ ಹತ್ತು ಸಾವಿರಕ್ಕೂ ಹೆಚ್ಚು ಚೀನಾದ ಕೂಲಿಗಳಿಗೆ ಬೋರ್ಡು ಬೇಡ, ಸಂಬಳದ ಪುಸ್ತಕದಲ್ಲೂ ಹೆಚ್ಚಿನವರ ಹೆಸರು ಬರೆಯಲಿಲ್ಲ. ಬಹಳ ಕಡೆ ಮೇಸ್ತ್ರಿಯ ಹೆಸರು ಬರೆದು ಸಾಕು ಅಂದರು. 1882ರಲ್ಲಿ ಚೀನಾದ ಕೂಲಿಗಳು ದೇಶದೊಳಕ್ಕೆ ಕಾಲಿಡಬಾರದು ಅಂತ ಕಾನೂನನ್ನೇ ತಂದರು. ಹಳಿ ಹಾಕಿ ಆಗಿತ್ತಲ್ಲ.