ಒಂದು ವರ್ಷ ಓದು ಬಿಟ್ಟವರ ಕಾರು

ನಮ್ಮ ಮನೆಯಿಂದ ಹತ್ತು ನಿಮಿಷ ಸೈಕಲ್ ತುಳಿದರೆ ಡೆಲ್ಫ್ಟ್ ತಾಂತ್ರಿಕ ವಿಶ್ವವಿದ್ಯಾಲಯ. ನೆದರ್ಲೆಂಡ್ಸಿಗೆ ಬಂದು ಒಂಬತ್ತು ವರ್ಷವಾಯಿತು. ನಾನು ಅಲ್ಲಿ ಓದಿದವನಲ್ಲ, ಕೆಲಸ ಮಾಡುವವನೂ ಅಲ್ಲ. ಅವರ ಗ್ರಂಥಾಲಯದ ಚಾವಣಿಯೆಂದರೆ ನೆಲದಿಂದಲೇ ಮೇಲಕ್ಕೆ ಏರಿದ ಹುಲ್ಲಿನ ಇಳಿಜಾರು. ಬಿಸಿಲು ಬಿದ್ದ ಭಾನುವಾರ ಮಗಳ ಜೊತೆ ಅಲ್ಲಿ ಕೂತು ಚಪಾತಿ ಪಲ್ಯ ತಿನ್ನುವುದಷ್ಟೇ ನನಗೂ ಆ ವಿಶ್ವವಿದ್ಯಾಲಯಕ್ಕೂ ಇದ್ದ ನಂಟು.

2025ರ ಏಪ್ರಿಲ್‌ನಲ್ಲಿ ಆಫೀಸಿನ ಗೆಳೆಯರೊಬ್ಬರು ಅಲ್ಲಿನ ವಿದ್ಯಾರ್ಥಿ ತಂಡಗಳು ಕೆಲಸ ಮಾಡುವ ಡ್ರೀಮ್ ಹಾಲ್ ನೋಡಲು ಕರೆದುಕೊಂಡು ಹೋದರು. ಹೆಸರು ಕೇಳಿ ಏನೋ ದೊಡ್ಡದು ಅಂದುಕೊಂಡಿದ್ದೆ. ಒಳಗೆ ಹೋದರೆ ನಮ್ಮ ಕಾಲೇಜಿನ ವರ್ಕ್‌ಶಾಪಿನ ಹಾಗೆಯೇ ಎಣ್ಣೆ, ಅಂಟು, ಲೋಹದ ಪುಡಿಯ ವಾಸನೆ. ಒಂದು ಮೂಲೆಯಲ್ಲಿ ಸೋಲಾರ್ ಕಾರಿನವರು, ಇನ್ನೊಂದು ಕಡೆ ಹೈಡ್ರೋಜನ್ ರೇಸ್ ಕಾರಿನವರು. ಇಪ್ಪತ್ತು ಇಪ್ಪತ್ತೊಂದರ ಹುಡುಗಿಯೊಬ್ಬಳು ಮುಖಕ್ಕೆ ಮಾಸ್ಕ್ ಹಾಕಿಕೊಂಡು, ನೀರಲ್ಲಿ ಅದ್ದಿದ ಉಪ್ಪುಕಾಗದದಿಂದ ಒಂದು ಅಚ್ಚನ್ನು ಉಜ್ಜುತ್ತಿದ್ದಳು. ಉಜ್ಜುವುದು, ಅಂಗೈಯಿಂದ ಸವರಿ ನೋಡುವುದು, ಮತ್ತೆ ಉಜ್ಜುವುದು. ನಾವಿದ್ದ ಅರ್ಧ ಗಂಟೆಯಲ್ಲಿ ಒಂದು ಮೊಳದಷ್ಟು ಜಾಗ ಮುಗಿದಿರಬಹುದು.

ಎಷ್ಟನೇ ವರ್ಷದಲ್ಲಿ ಓದುತ್ತಿದ್ದೀ ಅಂತ ಕೇಳಿದೆ. "ಈ ವರ್ಷ ಓದುತ್ತಿಲ್ಲ" ಅಂದಳು, ಬಸ್ ತಪ್ಪಿತು ಅನ್ನುವಷ್ಟು ಸಲೀಸಾಗಿ. ಇಲ್ಲಿನ ಕ್ರಮವೇ ಹಾಗಂತೆ. ತಂಡ ಸೇರಿದವರು ಒಂದು ಇಡೀ ವರ್ಷ ತರಗತಿ, ಪರೀಕ್ಷೆ ಎಲ್ಲ ಬಿಟ್ಟು ದಿನವಿಡೀ ಕಾರು ಕಟ್ಟುತ್ತಾರೆ. ರೇಸ್ ಮುಗಿದ ಮೇಲೆ ಓದಿಗೆ ಮರಳುತ್ತಾರೆ, ಹೊಸ ತಂಡ ಬರುತ್ತದೆ.

ನಮ್ಮಲ್ಲಿ ಇದಕ್ಕೆ ಇರುವುದು ಒಂದೇ ಪದ: ಇಯರ್ ಬ್ಯಾಕ್, ಅಂದರೆ ಫೇಲಾಗಿ ಒಂದು ವರ್ಷ ಹಿಂದೆ ಬೀಳುವುದು. ಆ ಪದ ಕೇಳಿದರೆ ಈಗಲೂ ನನಗೆ ಹೊಟ್ಟೆಯಲ್ಲಿ ಒಂಥರಾ ಆಗುತ್ತದೆ.

ಅವಳ ತಂಡ ಕಟ್ಟುತ್ತಿದ್ದ ಸೋಲಾರ್ ಕಾರಿನ ಹೆಸರು ನೂನಾ. ರೇಸ್ ಅಂದರೆ ಆಸ್ಟ್ರೇಲಿಯಾದ ಉತ್ತರದ ಡಾರ್ವಿನ್‌ನಿಂದ ದಕ್ಷಿಣದ ಅಡಿಲೇಡ್‌ವರೆಗೆ ಸುಮಾರು 3,000 ಕಿ.ಮೀ. ಬಿಸಿಲನ್ನೇ ನಂಬಿ ಓಡಬೇಕು. ಬೆಳಿಗ್ಗೆ 8ಕ್ಕೆ ಹೊರಟರೆ ಸಂಜೆ 5ಕ್ಕೆ ಎಲ್ಲಿದ್ದೀರೋ ಅಲ್ಲೇ, ಮರುಭೂಮಿಯ ಮಧ್ಯೆ, ಟೆಂಟು ಹಾಕಬೇಕು. ಡ್ರೈವರ್ ತೆಳ್ಳಗಿದ್ದರೆ ಲಾಭ ಆಗಬಾರದೆಂದು 80 ಕೆ.ಜಿ. ಆಗುವಷ್ಟು ತೂಕ ಜೊತೆಗೆ ಇಡುತ್ತಾರೆ. ಡೆಲ್ಫ್ಟ್‌ನವರು 2001ರಲ್ಲಿ ಮೊದಲ ಸಲ ಹೋಗಿ ಗೆದ್ದೇ ಬಂದರು. 2003, 2005, 2007ರಲ್ಲೂ ಗೆದ್ದರು. ಆಮೇಲೆ ಜಪಾನಿನ ಟೋಕಾಯ್ ವಿಶ್ವವಿದ್ಯಾಲಯ ಎರಡು ಸಲ ಕಸಿದುಕೊಂಡಿತು. 2013, 2015, 2017ರಲ್ಲಿ ಮತ್ತೆ ಇವರೇ.

ನನಗೆ ಈ ಗೆಲುವುಗಳಿಗಿಂತ 2019ರ ಕತೆ ಇಷ್ಟ. ಆ ವರ್ಷ ಕೊನೆಯ ದಿನದವರೆಗೂ ಡೆಲ್ಫ್ಟ್‌ನ ಕಾರೇ ಮುಂದಿತ್ತು. ಅಡಿಲೇಡ್‌ಗೆ ಕೆಲವೇ ಗಂಟೆಗಳ ದಾರಿ ಉಳಿದಿರುವಾಗ ಕಾರಿಗೆ ಬೆಂಕಿ ಹತ್ತಿತು. ಡ್ರೈವರ್ ಕ್ಷೇಮವಾಗಿ ಹೊರಬಂದರು, ಕಾರು ರಸ್ತೆ ಬದಿಯಲ್ಲೇ ಸುಟ್ಟು ಕರಕಲಾಯಿತು, ಹಿಂದೆ ಬರುತ್ತಿದ್ದ ಬೆಲ್ಜಿಯಂನ ತಂಡ ಗೆದ್ದಿತು. ಒಂದು ವರ್ಷದ ಓದು ಬಿಟ್ಟು ಕಟ್ಟಿದ ಕಾರು! ಆದರೆ ಡೆಲ್ಫ್ಟ್ ಕಾರು ಕಟ್ಟುವುದನ್ನು ನಿಲ್ಲಿಸಲಿಲ್ಲ. 2021ರ ರೇಸ್ ರದ್ದಾಯಿತು, 2023ರಲ್ಲಿ ಮೂರನೇ ಸ್ಥಾನ ಬಂತು. 2025ರ ಆಗಸ್ಟ್‌ನಲ್ಲಿ, ನಾನು ಆ ಹುಡುಗಿಯನ್ನು ನೋಡಿದ ನಾಲ್ಕು ತಿಂಗಳಿಗೆ, ನೂನಾ 13 ಮೊದಲು ಗುರಿ ಮುಟ್ಟಿತು.

(ಡೆಲ್ಫ್ಟ್‌ಗೂ ಬೆಂಕಿಗೂ ಏನೋ ಋಣವಿದೆ. 2008ರ ಮೇ ತಿಂಗಳಲ್ಲಿ ಇವರ ವಾಸ್ತುಶಿಲ್ಪ ವಿಭಾಗದ ಇಡೀ ಕಟ್ಟಡ ಉರಿದುಹೋಗಿತ್ತು. ಕಾರಣ ಒಂದು ಕಾಫಿ ಮಿಷನ್ನಿನ ಶಾರ್ಟ್ ಸರ್ಕ್ಯೂಟ್. ಕಾಫಿ ಇಲ್ಲದೆ ಇಲ್ಲಿ ಯಾವ ಕೆಲಸವೂ ಆಗುವುದಿಲ್ಲ ಅನ್ನುವುದಕ್ಕೆ ಇಷ್ಟು ದೊಡ್ಡ ಸಾಕ್ಷಿ ಬೇಕಿರಲಿಲ್ಲ.)

ಈಗ ನನ್ನ ಕತೆ. ನಾನು ಓದಿದ್ದು ಮಧ್ಯ ಕರ್ನಾಟಕದ ಒಂದು ಕಾಲೇಜಿನಲ್ಲಿ, ಎಲೆಕ್ಟ್ರಾನಿಕ್ಸ್, 2009ರಲ್ಲಿ ಪಾಸು. ಎಂಟನೇ ಸೆಮಿಸ್ಟರ್ ಪ್ರಾಜೆಕ್ಟಿಗೆ ನಾಲ್ಕು ಜನ ಸೇರಿ ಬೆಂಗಳೂರಿಗೆ ಬಸ್ ಹತ್ತಿದೆವು. ಮೆಟ್ಟಿಲು ಹತ್ತಿ ಹೋದರೆ ಒಂದು ಪ್ರಾಜೆಕ್ಟ್ ಸೆಂಟರ್, ಟೇಬಲ್ಲಿನ ಮೇಲೆ ಹೋಟೆಲಿನ ಮೆನು ಥರ ಪಟ್ಟಿ. ನಾವು ಆರಿಸಿದ್ದು ಮೊಬೈಲಿನಿಂದ ಪಂಪ್‌ಸೆಟ್ ಆನ್ ಆಫ್ ಮಾಡುವ ಪ್ರಾಜೆಕ್ಟು. ತಲೆಗೆ ಮೂರು ಸಾವಿರ ಕೊಟ್ಟೆವು. ಬೋರ್ಡು, ಮೋಡೆಮ್ಮು, ಬೈಂಡ್ ಮಾಡಿಸಿದ ರಿಪೋರ್ಟು, ಜೊತೆಗೆ ವೈವಾದಲ್ಲಿ, ಅಂದರೆ ಮೌಖಿಕ ಪರೀಕ್ಷೆಯಲ್ಲಿ, ಕೇಳಬಹುದಾದ ಪ್ರಶ್ನೆಗಳ ಎರಡು ಹಾಳೆ. ಹೊರಗಿನಿಂದ ಪರೀಕ್ಷಕರಾಗಿ ಬಂದವರು ಬಲ್ಬು ಹತ್ತಿದ್ದು ನೋಡಿ ಒಂದೇ ಪ್ರಶ್ನೆ ಕೇಳಿದರು. ಅದು ಆ ಎರಡು ಹಾಳೆಯಲ್ಲೇ ಇತ್ತು.

ಆಮೇಲೆ ಪೆಟ್ಟಿಗೆಯನ್ನು ಚನ್ನಗಿರಿ ಹತ್ತಿರದ ನಮ್ಮ ಊರಿಗೆ ತಂದೆ. ಅಪ್ಪ ಅದನ್ನು ತಿರುಗಿಸಿ ಮುರುಗಿಸಿ ನೋಡಿದರು. ಆಗ ತ್ರೀ ಫೇಸ್ ಕರೆಂಟು ಬರುತ್ತಿದ್ದದ್ದು ಮಧ್ಯರಾತ್ರಿಯ ಮೇಲೆ. ಟಾರ್ಚು ಹಿಡಿದು ಅಡಿಕೆ ತೋಟಕ್ಕೆ ಹೋಗಿ ಮೋಟಾರು ಹಾಕಿ ಬರುತ್ತಿದ್ದವರು ಅವರು. "ಇದನ್ನ ನಮ್ಮ ಬೋರಿಗೆ ಹಾಕಬಹುದೇನಪ್ಪ?" ಅಂದರು.

ಹಾಕಿಸಲು ಮೋಟಾರ್ ವೈಂಡಿಂಗ್ ಅಂಗಡಿಯವರನ್ನು ಕರೆಸಿದೆವು. ಏಳನೇ ಕ್ಲಾಸು ಓದಿದ ಮನುಷ್ಯ. ಸ್ಟಾರ್ಟರ್ ಮುಚ್ಚಳ ಬಿಚ್ಚಿ, ನನ್ನ ಪೆಟ್ಟಿಗೆಯನ್ನು ಒಂದು ಕ್ಷಣ ನೋಡಿ ಕೇಳಿದರು: "ಒಂದು ಫೇಸ್ ಹೋದ್ರೆ ಇದಕ್ಕೆ ಗೊತ್ತಾಗುತ್ತಾ ಸ್ವಾಮಿ?" ಗೊತ್ತಾಗುತ್ತಿರಲಿಲ್ಲ. ಮೂರರಲ್ಲಿ ಒಂದು ಫೇಸ್ ಹೋದರೂ ಮೋಟಾರು ತಿಣುಕುತ್ತಾ ಓಡುತ್ತದೆ, ಉಳಿದ ಎರಡರಿಂದ ಹೆಚ್ಚು ಕರೆಂಟು ಎಳೆದು ಕಾಯಿಲ್ ಸುಟ್ಟುಕೊಳ್ಳುತ್ತದೆ. ಹಳ್ಳಿಯಲ್ಲಿ ಮೋಟಾರು ಸುಡುವುದು ಹೆಚ್ಚಾಗಿ ಹೀಗೇ. ನನಗೆ ಅದು ಸಿಲಬಸ್ಸಿನಲ್ಲಿ ಗೊತ್ತಿತ್ತು, ಪೆಟ್ಟಿಗೆಯಲ್ಲಿ ಗೊತ್ತಿರಲಿಲ್ಲ. ಉಪ್ಪುಕಾಗದ ಹಿಡಿದು ಉಜ್ಜುತ್ತಿದ್ದ ಡೆಲ್ಫ್ಟ್‌ನ ಆ ಹುಡುಗಿಯ ಹಾಗೆ ನಾವೂ ಒಂದು ವಾರ ತೋಟದಲ್ಲಿ ಕೂತಿದ್ದರೆ ಈ ಪ್ರಶ್ನೆ ನಮಗೇ ಹುಟ್ಟುತ್ತಿತ್ತು. ಅಪ್ಪ ಏನೂ ಅನ್ನಲಿಲ್ಲ. ಪೆಟ್ಟಿಗೆ ಅಟ್ಟ ಸೇರಿತು.

ನಮ್ಮ ಹುಡುಗರಿಗೆ ಕೈಕೆಲಸ ಬರುವುದಿಲ್ಲ ಅಂತ ನಾನು ಹೇಳುತ್ತಿಲ್ಲ. ನಾನು ಪಾಸಾದ ಮರುವರ್ಷವೇ, 2010ರ ಜುಲೈ 12ರಂದು, ಬೆಂಗಳೂರು ಮತ್ತು ಹೈದರಾಬಾದಿನ ಏಳು ಎಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳು ಕಟ್ಟಿದ, ಒಂದು ಕೆ.ಜಿ.ಗಿಂತ ಹಗುರದ ಸ್ಟಡ್‌ಸ್ಯಾಟ್ ಉಪಗ್ರಹ ಇಸ್ರೋದ ಪಿಎಸ್‌ಎಲ್‌ವಿ ರಾಕೆಟ್ಟಿನಲ್ಲಿ ಮೇಲೆ ಹೋಯಿತು. 2016ರಲ್ಲಿ ಬೆಂಗಳೂರಿನ ಪಿಇಎಸ್ ವಿಶ್ವವಿದ್ಯಾಲಯದವರ ಪೈಸ್ಯಾಟ್ ಉಪಗ್ರಹ ಹೋಯಿತು. ಮಣಿಪಾಲದಲ್ಲಿ ಸೋಲಾರ್ ಕಾರು ಕಟ್ಟುವ ವಿದ್ಯಾರ್ಥಿ ತಂಡವೇ ಇದೆ. ಅವರೂ ನಮ್ಮಂತೆ ಇಂಟರ್ನಲ್ಸ್ ಬರೆದವರೇ, ಲ್ಯಾಬ್ ರೆಕಾರ್ಡ್ ನಕಲು ಹೊಡೆದವರೇ. ಅವರು ಇದನ್ನೆಲ್ಲ ಮಾಡಿದ್ದು ಓದಿನ ಮಧ್ಯೆ, ನಿದ್ದೆಗೆಟ್ಟು. ಅದಕ್ಕೇ ಹೆಚ್ಚು ಗೌರವ ಸಲ್ಲಬೇಕು.

ಆದರೆ ಒಂದು ವರ್ಷ ಬಿಡು ಅಂತ ಯಾರಿಗೆ ಹೇಳುವುದು? ಡಚ್ಚರಿಗೆ ಸರ್ಕಾರವೇ ಕಡಿಮೆ ಬಡ್ಡಿಗೆ ಓದಿನ ಸಾಲ ಕೊಡುತ್ತದೆ. ನಮ್ಮಪ್ಪ ನನ್ನ ಓದಿಗೆ ಅಡಿಕೆ ಮಂಡಿಯಲ್ಲಿ ಮುಂಗಡ ತಂದಿದ್ದರು. ಇಲ್ಲಿನ ತಂಡಕ್ಕೆ ದುಡ್ಡು ಕೊಡುವ ಕಂಪನಿಯ ಹೆಸರೇ ತಂಡದ ಹೆಸರು: 2019ರಲ್ಲಿ ವಾಟೆನ್‌ಫಾಲ್, 2025ರಲ್ಲಿ ಬ್ರುನೆಲ್. ನಮ್ಮಲ್ಲಿ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ದಶಕಗಳಿಂದ ವಿದ್ಯಾರ್ಥಿ ಪ್ರಾಜೆಕ್ಟುಗಳಿಗೆ ಕೆಲವು ಸಾವಿರ ರೂಪಾಯಿ ಕೊಡುತ್ತಾ ಬಂದಿದೆ. ಒಳ್ಳೆಯ ಯೋಜನೆ. ಅದು ಇದೆ ಅಂತ ನನಗೆ ಗೊತ್ತಾಗಿದ್ದು ಓದು ಮುಗಿದ ಎಷ್ಟೋ ವರ್ಷದ ಮೇಲೆ.

ಇಲ್ಲಿ ಎಲ್ಲ ಸರಿಯಿದೆ ಅಂತಲೂ ಅಲ್ಲ. 2024ರ ಮಾರ್ಚ್‌ನಲ್ಲಿ ಡಚ್ ಶಿಕ್ಷಣ ತಪಾಸಣಾ ಇಲಾಖೆ ಇದೇ ವಿಶ್ವವಿದ್ಯಾಲಯದ ಸಿಬ್ಬಂದಿ ಅನುಭವಿಸುವ ಬೆದರಿಕೆ, ಕಿರುಕುಳದ ಬಗ್ಗೆ ಕಟುವಾದ ವರದಿ ಕೊಟ್ಟಿತು. ಆಡಳಿತ ಮೊದಲು ಕೋರ್ಟಿಗೆ ಹೋಗುತ್ತೇನೆ ಅಂದಿತು, ಆಮೇಲೆ ಹಿಂದೆ ಸರಿಯಿತು. ಇವರ ಕ್ವಾಂಟಮ್ ಪ್ರಯೋಗಾಲಯವೂ ಹಾಗೇ. 2024ರಲ್ಲಿ ಡೆಲ್ಫ್ಟ್‌ನಿಂದ ಹೇಗ್‌ವರೆಗೆ 25 ಕಿ.ಮೀ. ಫೈಬರ್‌ನಲ್ಲಿ ಎರಡು ಪುಟ್ಟ ಕ್ವಾಂಟಮ್ ಕಂಪ್ಯೂಟರುಗಳ ನಡುವೆ ನಂಟು ಬೆಸೆದು ಹೆಸರು ಮಾಡಿತು. ಅದಕ್ಕೂ ಮುಂಚೆ, 2021ರಲ್ಲಿ, ಬಹಳ ಸುದ್ದಿ ಮಾಡಿದ್ದ ತಮ್ಮದೇ 2018ರ ಸಂಶೋಧನಾ ಪ್ರಬಂಧವನ್ನು ಅಲ್ಲಿನವರು ಕ್ಷಮೆ ಕೇಳಿ ವಾಪಸು ಪಡೆದಿದ್ದರು.

ಇನ್ನೊಂದು ಹೇಳಬೇಕು. ಆ ಹುಡುಗಿ ನನ್ನ ಜೊತೆ ಇಂಗ್ಲಿಷಿನಲ್ಲಿ ಮಾತಾಡುತ್ತಲೇ ಗೆಳೆಯನಿಗೆ ಡಚ್ಚಿನಲ್ಲಿ ಕೂಗಿ ಏನೋ ತರಿಸಿಕೊಂಡಳು. ಇಲ್ಲಿ ಪದವಿ ಹಂತದ ಹೆಚ್ಚಿನ ಕೋರ್ಸುಗಳು ಈಗಲೂ ಡಚ್ಚಿನಲ್ಲೇ. ನಮ್ಮ ಕಾಲೇಜಿನಲ್ಲಿ ಕನ್ನಡದಲ್ಲಿ ಕಲಿಸುತ್ತಿದ್ದವರು ವರ್ಕ್‌ಶಾಪಿನ ಇನ್ಸ್ಟ್ರಕ್ಟರ್ ಒಬ್ಬರೇ. "ಅರ ಎಳೀಬೇಡ, ತಳ್ಳು" ಅಂತ ಅವರು ಬೈದಿದ್ದು ಇವತ್ತಿಗೂ ಕೈಗೆ ನೆನಪಿದೆ.

ಅಕ್ಕನ ಮಗ ಈಗ ಏಳನೇ ಸೆಮಿಸ್ಟರ್. ಹೋದ ತಿಂಗಳು ಫೋನ್ ಮಾಡಿ "ಮಾಮ, ರೆಡಿಮೇಡ್ ತಗೊಂಡ್ರೆ ಹನ್ನೆರಡು ಸಾವಿರವಂತೆ" ಅಂದ. ಅಟ್ಟದ ಮೇಲಿನ ಪೆಟ್ಟಿಗೆ ಇಳಿಸು, ಒಂದು ಫೇಸ್ ಹೋದರೆ ಅದಕ್ಕೆ ಗೊತ್ತಾಗೋ ಹಾಗೆ ಮಾಡು ಸಾಕು ಅಂದೆ. ಮೊನ್ನೆ ರಾತ್ರಿ ವಾಟ್ಸಾಪಿನಲ್ಲಿ ಒಂದು ಫೋಟೋ ಬಂತು: ಕಪ್ಪಾದ ಬೋರ್ಡು, ಕರಗಿದ ರಿಲೇ, ಕೆಳಗೆ "ಸುಟ್ಟೋಯ್ತು ಮಾಮ, ತಾತ ನಗ್ತಿದಾರೆ." ಯಾವ ಫೇಸ್ ತೆಗೆದು ನೋಡಿದ್ದೆ ಅಂತ ಕೇಳಿದ್ದೇನೆ. ಇನ್ನೂ ಉತ್ತರ ಬಂದಿಲ್ಲ.