ಸಮಾಧಿಯೂ ಒಂದು ದಾಖಲೆ

ವರ್ಷಕ್ಕೊಂದು ದಿನ ನಮ್ಮಪ್ಪ ತಮ್ಮ ತೋಟದ ಆಳುಗಳಿಂದ ಬಾಯಿಗೆ ಬಂದಂತೆ ಬೈಸಿಕೊಂಡು, ಮೇಲೆ ದುಡ್ಡನ್ನೂ ಕೊಡುತ್ತಿದ್ದರು. ಮೇ ತಿಂಗಳಲ್ಲಿ ಬರುವ ಕುಂಡೆ ಹಬ್ಬದ ದಿನ. ದಕ್ಷಿಣ ಕೊಡಗಿನವರಿಗೆ ಇದನ್ನು ವಿವರಿಸಬೇಕಿಲ್ಲ, ಉಳಿದವರಿಗಾಗಿ ಹೇಳುತ್ತೇನೆ. ಜೇನುಕುರುಬರು, ಬೆಟ್ಟಕುರುಬರು, ಯರವರು ಸೀರೆಯೋ ಹರಿದ ಕೋಟೋ ಸಿಕ್ಕಿದ್ದನ್ನು ತೊಟ್ಟು, ಡಬ್ಬ, ಪ್ಲಾಸ್ಟಿಕ್ ಕೊಡ ಬಡಿಯುತ್ತ, ಸಾಹುಕಾರ, ಪೊಲೀಸ್, ಬಸ್ಸಿನ ಪ್ರಯಾಣಿಕ ಎನ್ನದೆ ಎದುರಾದವರನ್ನೆಲ್ಲ ಬೈದು ಕಾಸು ಕೇಳುತ್ತ ದೇವರಪುರದ ಗುಡಿಗೆ ಹೋಗುತ್ತಾರೆ. ಅಲ್ಲಿ ದೇವರಿಗೂ ಬೈಗುಳವೇ. ಬೇಟೆಗೆಂದು ಇವರನ್ನು ಕಾಡಿಗೆ ಕರೆದೊಯ್ದ ಅಯ್ಯಪ್ಪ, ದಾರಿಯಲ್ಲಿ ಭದ್ರಕಾಳಿಯನ್ನು ಕಂಡು ಮರುಳಾಗಿ, ಇವರನ್ನು ಅಲ್ಲೇ ಬಿಟ್ಟು ಅವಳ ಹಿಂದೆ ಹೊರಟುಬಿಟ್ಟನಂತೆ. ನಡುಗಾಡಿನಲ್ಲಿ ಕೈಬಿಟ್ಟವನನ್ನು ಬೈಯದೆ ಪೂಜಿಸುತ್ತಾರೆಯೇ?

ಚಿಕ್ಕಂದಿನಲ್ಲಿ ನಮಗೆ ಅದು ತಮಾಷೆ. ಅಪ್ಪ ಜಗಲಿಯಲ್ಲಿ ಕುಳಿತು ನಗುತ್ತಿದ್ದರು. ಮರುದಿನ ಬೆಳಿಗ್ಗೆ ಅದೇ ಆಳುಗಳು ಕೈಕಟ್ಟಿ ನಿಂತು, ತೋಟದ ಲೆಕ್ಕ ಬರೆಯುವ ರೈಟರ್ ಹತ್ತಿರ ಹಾಜರಿ ಹಾಕಿಸಿಕೊಳ್ಳುತ್ತಿದ್ದರು.

ಈಗ ಇದನ್ನೆಲ್ಲ ಬರೆಯುತ್ತಿರುವುದಕ್ಕೆ ಕಾರಣ ನಮ್ಮ ಕುಟುಂಬದ ವಾಟ್ಸ್‌ಆ್ಯಪ್ ಗುಂಪಿನಲ್ಲಿ ನಡೆದ ಒಂದು ಜಗಳ. 2025ರ ಮೇ 5ರಂದು 52 ಜೇನುಕುರುಬ ಕುಟುಂಬಗಳು ನಾಗರಹೊಳೆ ಹುಲಿ ಸಂರಕ್ಷಿತ ಪ್ರದೇಶದೊಳಗಿನ ಕರಡಿಕಲ್ಲು ಅತ್ತೂರು ಕೊಲ್ಲಿ ಎಂಬ ಹಾಡಿಗೆ, ಅಂದರೆ ತಮ್ಮ ಹಳೆಯ ವಸತಿಗೆ, ವಾಪಸು ಹೋದದ್ದು ನಿಮಗೆ ನೆನಪಿರಬಹುದು. ತಮ್ಮನ್ನು ಅಲ್ಲಿಂದ ಎಬ್ಬಿಸಿ ನಲವತ್ತು ವರ್ಷವಾಯಿತು, ಅಂದಿನಿಂದ ಕಾಫಿ ತೋಟಗಳಲ್ಲಿ ಆಳುಗಳಿಗೆಂದು ಕಟ್ಟಿದ ಲೈನ್ ಮನೆಗಳಲ್ಲಿ ಇದ್ದೆವು, ಈಗ ನಮ್ಮ ಜಾಗಕ್ಕೆ ಬಂದಿದ್ದೇವೆ ಎಂಬುದು ಅವರ ಮಾತು. ಅರಣ್ಯ ಮತ್ತು ಪೊಲೀಸ್ ಸಿಬ್ಬಂದಿ ಬಂದು ಸುತ್ತುವರಿದರು. ಆ ಹಳೆಯ ಸುದ್ದಿಯನ್ನು ಯಾರೋ ಮತ್ತೆ ಹಂಚಿಕೊಂಡಾಗ ನನ್ನ ಚಿಕ್ಕಪ್ಪನ ಮಗ ಬರೆದ: "ಇದು ಒತ್ತುವರಿ ಅಲ್ಲದೆ ಇನ್ನೇನು?"

ಒತ್ತುವರಿ ಎಂಬ ಪದ ಕೊಡಗಿನವರ ಬಾಯಲ್ಲಿ ಬಂದಾಗ ನನಗೆ ನಗು ತಡೆಯುವುದಿಲ್ಲ. ರಾಜರ ಕಾಲದಿಂದ ವಂಶಪಾರಂಪರ್ಯವಾಗಿ ಬಂದ ನಮ್ಮ ಜಮ್ಮಾ ಬಾಣೆಯ, ಅಂದರೆ ಗದ್ದೆಗೆ ಹೊಂದಿಕೊಂಡ ಮರಗಳಿರುವ ಜಮೀನಿನ, ಹಕ್ಕು ಗೊಂದಲದಲ್ಲಿದ್ದಾಗ, 2011ರಲ್ಲಿ ವಿಧಾನಮಂಡಲ ಭೂಕಂದಾಯ ಕಾಯ್ದೆಗೇ ತಿದ್ದುಪಡಿ ತಂದಿತು. ತಂದದ್ದು ಸರಿಯೇ. ರೂಢಿಯ ಹಕ್ಕಿಗೂ ಬೆಲೆ ಇದೆ ಎಂದು ಆಗ ನಾವೆಲ್ಲ ಭಾಷಣ ಮಾಡಿದೆವು. ಜೇನುಕುರುಬರು ಅದೇ ಮಾತು ಹೇಳಿದರೆ ನಮಗೆ ತಕ್ಷಣ ಸಾಕ್ಷ್ಯಕ್ಕೆ ಉಪಗ್ರಹ ಚಿತ್ರ ಬೇಕು.

ಕಾನೂನು ಏನು ಹೇಳುತ್ತದೆ ಎಂಬುದನ್ನು ಸ್ವಲ್ಪ ತಾಳ್ಮೆಯಿಂದ ನೋಡಿ. 2006ರ ಅರಣ್ಯ ಹಕ್ಕು ಕಾಯ್ದೆಯ ಪ್ರಕಾರ ಬುಡಕಟ್ಟು ಜನ 2005ರ ಡಿಸೆಂಬರ್ 13ಕ್ಕೆ ಮುಂಚೆ ಆ ಅರಣ್ಯ ಭೂಮಿಯ ಅನುಭವದಲ್ಲಿರಬೇಕು. "ಆ ದಿನ ಇವರು ಅಲ್ಲಿ ಇರಲೇ ಇಲ್ಲವಲ್ಲ" ಎನ್ನುವವರು ಇಲ್ಲಿಗೆ ಓದು ನಿಲ್ಲಿಸುತ್ತಾರೆ. ಇರಲಿಲ್ಲ, ಸರಿ. ಎಬ್ಬಿಸಿ ಕಳುಹಿಸಿದ ಮೇಲೆ ಇರುವುದು ಹೇಗೆ? ಕಾಯ್ದೆ ಬರೆದವರಿಗೆ ಇದು ಹೊಳೆದಿತ್ತು. ಆ ದಿನಕ್ಕೆ ಮುಂಚೆ ಪುನರ್ವಸತಿ ಇಲ್ಲದೆ ಅಕ್ರಮವಾಗಿ ಒಕ್ಕಲೆಬ್ಬಿಸಿದ್ದರೆ, ಅದೇ ಜಾಗದಲ್ಲಿ ಪುನರ್ವಸತಿ ಪಡೆಯುವ ಹಕ್ಕು, ಪರ್ಯಾಯ ಭೂಮಿಯೂ ಸೇರಿದಂತೆ, ಮೂರನೇ ಕಲಮಿನಲ್ಲಿಯೇ ಇದೆ.

ಇನ್ನು ಸಾಕ್ಷ್ಯ. ಈ ಕಾಯ್ದೆಯ ನಿಯಮಗಳಲ್ಲಿ 13ನೆಯದನ್ನು ಮೊದಲ ಸಲ ಓದಿದಾಗ ನಾನು ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿದ್ದೆ. ಸರ್ಕಾರದ ಕಾಗದಗಳ ಜೊತೆಗೆ ಬಾವಿ, ಸ್ಮಶಾನ, ಪವಿತ್ರ ಸ್ಥಳಗಳು, ಹಿರಿಯರು ಹೇಳಿ ಬರೆಸಿದ ಮಾತು, ಎಲ್ಲವೂ ಸಾಕ್ಷ್ಯವೇ. 2012ರ ತಿದ್ದುಪಡಿಯಂತೂ ಉಪಗ್ರಹ ಚಿತ್ರವನ್ನು ಪೂರಕವಾಗಿ ಬಳಸಬಹುದೇ ಹೊರತು ಉಳಿದ ಸಾಕ್ಷ್ಯಗಳ ಬದಲಿಗೆ ಅಲ್ಲ ಎಂದು ನೇರವಾಗಿಯೇ ಹೇಳುತ್ತದೆ. ನಮ್ಮ ಮನೆಯ ಖಾತೆ ಬದಲಾವಣೆಗೆ ಮೂರು ವರ್ಷ ಕಚೇರಿ ಅಲೆದ ನನಗೆ ಇದು ಈ ದೇಶದ ಕಾನೂನಿನ ಭಾಷೆ ಎಂದು ನಂಬಲೇ ಕಷ್ಟವಾಯಿತು. ಸತ್ತವರು ಸಾಕ್ಷಿ ಹೇಳಬಹುದು ಎಂದು ಒಪ್ಪಿಕೊಂಡ ಕಾನೂನು ಇದು. ಅದನ್ನು ಜಾರಿ ಮಾಡಬೇಕಾದವರಿಗೆ ಮಾತ್ರ ಆಕಾಶದಿಂದ ತೆಗೆದ ಚಿತ್ರವೇ ಬೇಕು. ದಟ್ಟ ಮರದ ಕೆಳಗಿನ ಹುಲ್ಲು ಗುಡಿಸಲು, ಮಣ್ಣಿನ ಗೋರಿ ಅದರಲ್ಲಿ ಹೇಗೆ ಕಾಣಬೇಕು?

ನಮ್ಮ ತೋಟದಲ್ಲಿ ಒಬ್ಬ ಮುದುಕನಿದ್ದ. 'ಇದ್ದರು' ಎಂದು ಬರೆಯಲು ಹೊರಟೆ. ಆದರೆ ಬದುಕಿದ್ದಾಗ ಮನೆಯ ಮಕ್ಕಳೂ ಅವನನ್ನು ಏಕವಚನದಲ್ಲೇ ಕರೆಯುತ್ತಿದ್ದೆವು, ಈಗ ಗೌರವದ ಬಹುವಚನ ಹಚ್ಚಿದರೆ ಸುಳ್ಳಾಗುತ್ತದೆ. ಅವನು ನನ್ನನ್ನು ಚಿಕ್ಕ ಸಾಹುಕಾರರು ಎನ್ನುತ್ತಿದ್ದ. ನನಗೆ ಆಗ ಹತ್ತು ವರ್ಷ. ಬಾಣೆಯ ಮೇಲೆ ನಿಂತರೆ ದೂರದಲ್ಲಿ ಕಾಡಿನ ಅಂಚು ಕಾಣುತ್ತಿತ್ತು. ಒಮ್ಮೆ ಅತ್ತ ಬೆರಳು ತೋರಿಸಿ "ಅಲ್ಲಿ ನನ್ನ ಅವ್ವ ಇದ್ದಾಳೆ, ಸಾಹುಕಾರರೇ" ಎಂದ. ಅಷ್ಟು ಮುದುಕನಿಗೆ ಇನ್ನೂ ಅವ್ವ ಇದ್ದಾಳೆಯೇ ಎಂದು ನಾನು ಬೆರಗಾಗಿದ್ದೆ. ಲೈನ್ ಮನೆಯಲ್ಲಿ ಅವನು ದೇವರ ಪಟ ಇಟ್ಟಿರಲಿಲ್ಲ. ನಮ್ಮಮ್ಮ ಒಂದು ಕ್ಯಾಲೆಂಡರ್ ಕೊಟ್ಟರೆ ಮಡಚಿ ಇಟ್ಟುಕೊಂಡ. ಅವನ ದೇವರು ಬಂಡೆಯಲ್ಲಿ, ಮರದ ಬುಡದಲ್ಲಿ ಇದ್ದವು. ಅವನ್ನು ತೋಟಕ್ಕೆ ಕರೆತರುವುದು ಹೇಗೆ? ಅವನ ಮೊಮ್ಮಗ ಈಗ ಕನ್ನಡವನ್ನು ನಮ್ಮಂತೆಯೇ ಮಾತನಾಡುತ್ತಾನೆ, ಜೇನುನುಡಿ ಅರ್ಥವಾಗುತ್ತದೆ, ಆಡಲು ಬಾರದು ಎನ್ನುತ್ತಾನೆ. ಭಾಷೆ ಹೋಯಿತು ಎಂದು ಮರುಗುವ ನಾವು, ಆ ಭಾಷೆಯಲ್ಲಿ ಹೆಸರಿದ್ದ ಜಾಗಗಳಿಗೆ ಅವನು ಕಾಲಿಡುವಂತಿಲ್ಲ ಎಂಬುದನ್ನು ಬೇರೆಯೇ ವಿಷಯವೆಂಬಂತೆ ನೋಡುತ್ತೇವೆ.

ಹುಲಿಯ ಪ್ರಶ್ನೆ ಬಂದೇ ಬರುತ್ತದೆ. ಬರಲಿ. ಕಾಡಿನ ಬಗ್ಗೆ ಕಾಳಜಿ ಇರುವವರನ್ನು ನಾನು ಹಂಗಿಸುವುದಿಲ್ಲ, ಆನೆ ತುಳಿದ ತೋಟ ನನ್ನದೂ ಇದೆ. ಪರಿಹಾರ ಪಡೆದು ಇಷ್ಟಪಟ್ಟೇ ನಾಗಾಪುರದ ಪುನರ್ವಸತಿ ಕೇಂದ್ರಕ್ಕೆ ಹೋದ ಕುಟುಂಬಗಳೂ ಇವೆ, ಅವರ ಆಯ್ಕೆ ಅವರದು. ಆದರೆ ಇದೇ ನಾಗರಹೊಳೆಯೊಳಗೆ, ಮೂರ್ಕಲ್‌ನಲ್ಲಿ, ತೊಂಬತ್ತರ ದಶಕದಲ್ಲಿ ದೊಡ್ಡ ಹೋಟೆಲ್ ಕಂಪನಿಯೊಂದಕ್ಕೆ ರೆಸಾರ್ಟ್ ಮಾಡಲು ಜಾಗ ಗುತ್ತಿಗೆ ಕೊಟ್ಟಿದ್ದರು. ಅದನ್ನು ವಿರೋಧಿಸಿ ಹೈಕೋರ್ಟಿಗೆ ಹೋದದ್ದು ನಾಗರಹೊಳೆ ಬುಡಕಟ್ಟು ಹಕ್ಕು ಸ್ಥಾಪನಾ ಸಮಿತಿ. 1997ರಲ್ಲಿ ತೀರ್ಪು ಹೋಟೆಲಿನ ವಿರುದ್ಧ ಬಂತು. ಅಂದು ಕಾಡನ್ನು ಉಳಿಸಿದವರು ಯಾರು, ಹೇಳಿ.

ಬಿಳಿಗಿರಿರಂಗನ ಬೆಟ್ಟದಲ್ಲಿ 2011ರಲ್ಲಿ ಸೋಲಿಗರ ಪೋಡುಗಳಿಗೆ, ಅಂದರೆ ಅವರ ಹಾಡಿಗಳಿಗೆ, ಸಮುದಾಯ ಅರಣ್ಯ ಹಕ್ಕುಪತ್ರ ಸಿಕ್ಕಿತು. ಅದೂ ಹುಲಿ ಸಂರಕ್ಷಿತ ಪ್ರದೇಶವೇ. ಹುಲಿಗಳು ಊರು ಬಿಟ್ಟು ಓಡಿಹೋಗಲಿಲ್ಲ. ಸೋಲಿಗರಿಂದಲೇ ಹುಲಿ ಹೆಚ್ಚಾಯಿತು ಎಂದು ನಾನು ವಾದಿಸುತ್ತಿಲ್ಲ. ಮನುಷ್ಯರನ್ನು ಖಾಲಿ ಮಾಡಿಸದೆ ಹುಲಿ ಉಳಿಯದು ಎನ್ನುವವರು ಒಮ್ಮೆ ಚಾಮರಾಜನಗರಕ್ಕೆ ಹೋಗಿಬನ್ನಿ ಎನ್ನುತ್ತಿದ್ದೇನೆ, ಅಷ್ಟೆ. ರಂಗನಾಥಸ್ವಾಮಿ ಸೋಲಿಗರ ಹೆಣ್ಣು ಕುಸುಮಾಲೆಯನ್ನು ಮದುವೆಯಾದನೆಂದು ಅವರು ಅವನನ್ನು ಭಾವ ಎಂದು ಕರೆಯುತ್ತಾರೆ. ಆ ಬೆಟ್ಟದಲ್ಲಿ ದೇವರೇ ಅಳಿಯ.

ನನ್ನ ಅನುಮಾನ ಬೇರೆ ಇದೆ, ಅದನ್ನು ಹೇಳಿದರೆ ನೆಂಟರು ಮುನಿಸಿಕೊಳ್ಳುತ್ತಾರೆ. ಈ ಜನಕ್ಕೆ ತಮ್ಮದೆಂಬ ಜಾಗ ಸಿಗದಿರುವುದು ಹುಲಿಗಿಂತ ನಮಗೇ ಹೆಚ್ಚು ಅನುಕೂಲ. ಕಾಫಿ ಕೊಯ್ಲಿಗೆ ಆಳಿಲ್ಲ ಎಂದು ವರ್ಷವರ್ಷವೂ ಗೋಳಾಡುವವರು ನಾವು. ಮುಂಗಡ ಕೊಟ್ಟು ಲೈನ್ ಮನೆಯಲ್ಲಿ ಇರಿಸಿಕೊಂಡ ಕುಟುಂಬ, ಸಾಲ ತೀರುವವರೆಗೆ ಎಲ್ಲಿಗೂ ಹೋಗುವುದಿಲ್ಲ. ನಮ್ಮ ಮನೆಯ ಹಳೆಯ ಲೆಕ್ಕದ ಪುಸ್ತಕದಲ್ಲಿ ಆ ಮುದುಕನ ಹೆಸರಿನ ಮುಂದೆ ಬಾಕಿ ಎಂದು ಬರೆದದ್ದನ್ನು ನಾನೇ ನೋಡಿದ್ದೇನೆ. ಅವನು ಸತ್ತ ಮೇಲೆ ಅದನ್ನು ಮಗನ ಹೆಸರಿಗೆ ಏರಿಸಿದ್ದರು. ಅಪ್ಪನ ಅಕ್ಷರವೇ ಅದು.

ಸತ್ತಾಗ ಅವನನ್ನು ಕಾಡಿಗೆ, ಅವ್ವನ ಪಕ್ಕಕ್ಕೆ ಒಯ್ಯಬೇಕೆಂದು ಮಕ್ಕಳು ಹೊರಟಿದ್ದರು. ಕಾಡಿನ ಗೇಟಿನಲ್ಲಿ ತಡೆದು ವಾಪಸು ಕಳುಹಿಸಿದರು. ಕತ್ತಲಾಗುತ್ತಿತ್ತು. ಕೊನೆಗೆ ಅಪ್ಪ ನಮ್ಮ ಬಾಣೆಯ ಮೂಲೆಯಲ್ಲೇ ಜಾಗ ತೋರಿಸಿದರು.

ಇದನ್ನು ಗುಂಪಿನಲ್ಲಿ ಬರೆದಾಗ ತಮ್ಮನಿಂದ ಕೂಡಲೇ ಪ್ರಶ್ನೆ ಬಂತು: "ಅಣ್ಣ, ಸಮಾಧಿಯೇ ದಾಖಲೆ ಎಂದಾದರೆ ನಾಳೆ ನಮ್ಮ ಬಾಣೆಯೂ ಅವರದಾಗುತ್ತದಲ್ಲ?" ಕಾಯ್ದೆ ಅರಣ್ಯ ಭೂಮಿಗೆ ಮಾತ್ರ ಅನ್ವಯಿಸುತ್ತದೆ, ಭಯಪಡಬೇಡ ಎಂದೆ. ಕೈಮುಗಿದ ಇಮೋಜಿ ಕಳುಹಿಸಿ ಸುಮ್ಮನಾದ.

ಕಳೆದ ತಿಂಗಳು ಊರಿಗೆ ಹೋದಾಗ ಬಾಣೆಯ ಆ ಮೂಲೆಗೆ ಹೋಗಿದ್ದೆ. ತಲೆದೆಸೆಗೆ ಇಟ್ಟ ಕಲ್ಲು ಇನ್ನೂ ಇದೆ, ಪಾಚಿ ಕಟ್ಟಿದೆ. ಅಲ್ಲಿ ನಾಲ್ಕು ಕಾಫಿ ಗಿಡ ಹಾಕಬಹುದಿತ್ತು ಎಂದು ರೈಟರ್ ಈಗಲೂ ಲೆಕ್ಕ ಹೇಳುತ್ತಾರೆ.