ಸೊಳ್ಳೆ ತಿಂದ ತಪ್ಪಿಗೆ ಎತ್ತಂಗಡಿ

ಬ್ಯಾಂಕಾಕಿನಲ್ಲಿ ಒಂದು ಮತ್ಸ್ಯಾಲಯ ಇತ್ತು. ಅದಕ್ಕೆ ಯಾರೂ ಟೆಂಡರ್ ಕರೆದಿರಲಿಲ್ಲ. ಮಂತ್ರಿಗಳು ಬಂದು ರಿಬ್ಬನ್ ಕತ್ತರಿಸಿರಲಿಲ್ಲ. ನಿರ್ದೇಶಕರಿಲ್ಲ, ಉಪನಿರ್ದೇಶಕರಿಲ್ಲ, ಜೀಪಿಲ್ಲ. ಹಾಗಾಗಿ ಮೀನುಗಳು ಚೆನ್ನಾಗಿ ಬದುಕಿದ್ದವು.

ಹೆಸರು ನ್ಯೂ ವರ್ಲ್ಡ್. ಹುಟ್ಟಿದ್ದು ಮಾಲ್ ಆಗಿ. ಬೆನ್ನಿಗೆ ದೊಡ್ಡ ಚೀಲ ಏರಿಸಿಕೊಂಡ ವಿದೇಶಿ ಹುಡುಗರು ಬಂದಿಳಿಯುವ ಖಾವ್ ಸಾನ್ ರಸ್ತೆ ಇದೆಯಲ್ಲ, ಅದರ ಹತ್ತಿರದ ಬಾಂಗ್ಲಾಂಫೂನಲ್ಲಿ. ಥಾಯ್ ಭಾಷೆಯಲ್ಲಿ ‘ಬಾಂಗ್’ ಅಂದರೆ ನೀರಿನ ಪಕ್ಕದ ಊರು. ಹೆಸರಲ್ಲೇ ಎಚ್ಚರಿಕೆ ಇತ್ತು. ಯಾರೂ ಓದಲಿಲ್ಲ.

1980ರ ದಶಕದ ಆರಂಭದಲ್ಲಿ ಎದ್ದ ಕಟ್ಟಡ ಇದು. ಅನುಮತಿ ಸಿಕ್ಕಿದ್ದು 4 ಮಹಡಿಗೆ. ಕಟ್ಟಿದ್ದು 11. ಸ್ವಲ್ಪ ಯೋಚಿಸಿ. ಮಹಡಿ ಏನು ಮಳೆ ಬಿದ್ದ ರಾತ್ರಿ ಏಳುವ ಅಣಬೆಯಲ್ಲ. ಸೆಂಟ್ರಿಂಗ್ ಹೊಡೀಬೇಕು, ಕಂಬಿ ಕಟ್ಟಬೇಕು, ಕಾಂಕ್ರೀಟ್ ಸುರೀಬೇಕು, ಕ್ಯೂರಿಂಗ್‌ಗೆ ದಿನಗಟ್ಟಲೆ ನೀರು ಹೊಡೀಬೇಕು. ಆಮೇಲೆ ಮುಂದಿನ ಮಹಡಿ. ಹೀಗೆ ಏಳು ಸಲ. ಸಿಮೆಂಟ್ ಲಾರಿಗಳು ರಸ್ತೆ ತಡೆದು ನಿಂತಿರಬೇಕು, ಪಕ್ಕದ ಮನೆಯವರ ಬಟ್ಟೆಗೆಲ್ಲ ಧೂಳು ಕೂತಿರಬೇಕು. ಅಧಿಕಾರಿಗಳಿಗೆ ಮಾತ್ರ ಆಗ ಕತ್ತು ನೋವು ಅಂತ ಕಾಣುತ್ತೆ. ತಲೆ ಎತ್ತಿ ನೋಡೋಕಾಗಲಿಲ್ಲ.

ನಾವು ನಗಬಾರದು ಬಿಡಿ. ನಮ್ಮಲ್ಲೂ ಅಕ್ರಮ-ಸಕ್ರಮ ಅಂತ ಒಂದು ಯೋಜನೆ ಬಂದಿತ್ತು. ಮನೆಗಳಿಗೆ ಶೇ 50ರಷ್ಟು, ವಾಣಿಜ್ಯ ಕಟ್ಟಡಗಳಿಗೆ ಶೇ 25ರಷ್ಟು ಉಲ್ಲಂಘನೆ ಮಾಡಿದ್ದರೆ ದಂಡ ಕಟ್ಟಿಸಿಕೊಂಡು ಮಾಫಿ. 2017ರಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ತಡೆ ಕೊಟ್ಟಿತು. ನ್ಯೂ ವರ್ಲ್ಡ್‌ನ ಮಹಡಿ ಲೆಕ್ಕ ಹಾಕಿದರೆ ಶೇ 175 ಆಗುತ್ತೆ. ಇಂಥದ್ದನ್ನು ಸಕ್ರಮ ಮಾಡುವ ಹೊಟ್ಟೆ ನಮಗೂ ಇರಲಿಲ್ಲ, ಸದ್ಯ.

ಕಡೆಗೆ ನ್ಯಾಯಾಲಯ ತಲೆ ಎತ್ತಿ ನೋಡಿತು. ಮೇಲಿನ 7 ಮಹಡಿ ಕೆಡವಿ ಅಂದಿತು. 1997ರಲ್ಲಿ ಮಾಲ್ ಮುಚ್ಚಿತು. 1999ರಲ್ಲಿ ಬೆಂಕಿ ಬಿತ್ತು. ಕೆಡವಿದ್ದು, ಸುಟ್ಟಿದ್ದು, ತಾನೇ ಕುಸಿದಿದ್ದು ಎಲ್ಲ ಸೇರಿ ಮೇಲಿನ ಭಾಗ ಹೋಯಿತು. ಉಳಿದದ್ದು ಚಾವಣಿ ಇಲ್ಲದ ನಾಲ್ಕು ಮಹಡಿ. ಅನುಮತಿ ಎಷ್ಟಿತ್ತೋ ಅಷ್ಟೇ! ಇಲಾಖೆಯ ಕಡತದಲ್ಲಿ ಇದನ್ನು ‘ನಿಯಮ ಪಾಲನೆ ಆಗಿದೆ’ ಅಂತ ಬರೆದುಕೊಂಡಿದ್ದರೆ ತಪ್ಪು ಹುಡುಕೋದು ಕಷ್ಟ.

ಬ್ಯಾಂಕಾಕಿನ ಮಳೆಗಾಲ ಮೇನಿಂದ ಅಕ್ಟೋಬರ್‌ತನಕ. ಚಾವಣಿ ಇಲ್ಲದ ಕಟ್ಟಡಕ್ಕೆ ಮಳೆ ಬಿದ್ದರೆ ಏನಾಗುತ್ತೆ? ಕೆಳಗೆ ಕೆರೆ ಆಯಿತು. ಸುಮಾರು 500 ಚದರ ಮೀಟರ್. ನಮಗೆ ಅರ್ಥವಾಗೋ ಹಾಗೆ ಹೇಳಬೇಕಂದ್ರೆ, ನಾಲ್ಕೂವರೆ ಥರ್ಟಿ-ಫಾರ್ಟಿ ಸೈಟು. ನಾವು ಕೆರೆ ಮುಚ್ಚಿ ಮಾಲ್ ಕಟ್ಟುವವರು. ಅವರು ಮಾಲ್ ಕಟ್ಟಿ ಕೆರೆ ಮಾಡಿದರು. ಈ ಒಂದು ವಿಷಯದಲ್ಲಿ ಬ್ಯಾಂಕಾಕ್ ನಮಗಿಂತ ಮುಂದಿದೆ.

ನಿಂತ ನೀರಿಗೆ ಸೊಳ್ಳೆ ಬಂತು. ಡೆಂಗಿ ಇರುವ ಊರು ಬೇರೆ. ಅಕ್ಕಪಕ್ಕದ ಜನ ಕಾದು ಕಾದು ಸಾಕಾಗಿ, ಮೀನು ತಂದು ಬಿಟ್ಟರು. ಉಪಾಯ ಹೊಸದೇನಲ್ಲ. ನಮ್ಮ ಆರೋಗ್ಯ ಇಲಾಖೆಯವರೂ ಬಾವಿಗೆ, ಹೊಂಡಕ್ಕೆ ಗಪ್ಪಿ, ಗಂಬೂಸಿಯಾ ಬಿಡುತ್ತಾರೆ. ಮರಿಹುಳ ತಿಂದು ಸೊಳ್ಳೆ ಕಡಿಮೆ ಮಾಡಲಿ ಅಂತ.

ಇಲ್ಲಿ ಬಿಟ್ಟದ್ದು ತಿಲಾಪಿಯ, ಕಾರ್ಪ್, ಬೆಕ್ಕುಮೀನು, ಬಣ್ಣಬಣ್ಣದ ಕೋಯಿ. ತಿಲಾಪಿಯ ಅಂದರೆ ನಮ್ಮ ಕೆರೆಗಳ ಜಿಲೇಬಿ ಮೀನು. ಥಾಯ್ಲೆಂಡಿನಲ್ಲಿ ಇದಕ್ಕೆ ದೊಡ್ಡ ಮನೆತನದ ಹಿನ್ನೆಲೆ ಇದೆ. 1965ರಲ್ಲಿ ಜಪಾನಿನ ಯುವರಾಜ ಅಕಿಹಿಟೊ 50 ತಿಲಾಪಿಯ ಮೀನುಗಳನ್ನು ರಾಜ ಭೂಮಿಬೋಲ್ ಅವರಿಗೆ ಉಡುಗೊರೆ ಕಳಿಸಿದ್ದರು. ಅರಮನೆಯ ಕೊಳದಲ್ಲಿ ಬೆಳೆಸಿ, ಮರಿ ಮಾಡಿಸಿ, ಆಮೇಲೆ ದೇಶಕ್ಕೆಲ್ಲ ಹಂಚಿದರು. ಅರಮನೆಯಿಂದ ಹೊರಟ ವಂಶ ಪಾಳುಬಿದ್ದ ಮಾಲ್‌ಗೆ ಬಂದು ಸೊಳ್ಳೆ ಹಿಡಿಯೋ ಕೆಲಸಕ್ಕೆ ಸೇರಿತು. ಸಂಬಳ ಇಲ್ಲ, ರಜೆ ಇಲ್ಲ. ಹಬ್ಬದ ದಿನವೂ ಡ್ಯೂಟಿ.

ಫೋಟೊಗಳನ್ನು ನೀವೂ ನೋಡಿರಬಹುದು. ತುಕ್ಕು ಹಿಡಿದ ಎಸ್ಕಲೇಟರ್‌ಗಳು ಹಸಿರು ನೀರಿಗೆ ಇಳಿದು ನಿಂತಿವೆ. ಅವುಗಳ ಕಾಲಬುಡದಲ್ಲಿ ಕೆಂಪು, ಬಿಳಿ, ಕಪ್ಪು ಮೀನುಗಳ ಜಾತ್ರೆ. ಮೇಲಿಂದ ಬಿಸಿಲು ಬೀಳುತ್ತಿದೆ. ಕೋಟಿ ಸುರಿದು ಕಟ್ಟಿದ ಎಷ್ಟೋ ಮತ್ಸ್ಯಾಲಯಗಳಿಗೆ ಈ ಬೆಳಕು ಸಿಕ್ಕಿಲ್ಲ. ಅಲ್ಲೆಲ್ಲ ಪಾಚಿ ಕಟ್ಟಿದ ಗಾಜಿನ ಹಿಂದೆ ಒಂದು ಮೀನು, ಅದರ ಪಕ್ಕ ಬೇರೆ ಮೀನಿನ ಹೆಸರಿನ ಬೋರ್ಡು, ಅಲ್ವಾ?

2014ರ ಹೊತ್ತಿಗೆ ಈ ಫೋಟೊಗಳು ಪ್ರಪಂಚವೆಲ್ಲ ಸುತ್ತಿದವು. ಪ್ರವಾಸಿಗರು ಹುಡುಕಿಕೊಂಡು ಬರತೊಡಗಿದರು. ಅಲ್ಲಿಗೆ ಮೀನುಗಳ ಗ್ರಹಚಾರ ಕೆಟ್ಟಿತು. ಒಳ್ಳೆ ಹೆಸರು ಬಂದ ಮೇಲೆ ಇಲಾಖೆಯ ಕಣ್ಣಿಗೆ ಬೀಳದೆ ಇರೋಕಾಗುತ್ತಾ?

2015ರ ಜನವರಿಯಲ್ಲಿ ಮಹಾನಗರ ಆಡಳಿತದವರು ಬಲೆ ಹಿಡಿದು ನೀರಿಗಿಳಿದರು. ಕಟ್ಟಡ ಅಪಾಯದಲ್ಲಿದೆ, ಜನರ ಜೀವಕ್ಕೆ ತೊಂದರೆ ಅನ್ನೋದು ಕಾರಣ. ಸುಳ್ಳಲ್ಲ. ಕಟ್ಟಡ ನಿಜವಾಗಿ ಅಪಾಯದ್ದೇ. ಆದರೆ ಅದನ್ನು ಅಪಾಯಕ್ಕೆ ತಂದದ್ದು ಜಿಲೇಬಿ ಮೀನಲ್ಲವಲ್ಲ! ಹನ್ನೊಂದು ಮಹಡಿ ಏರಿಸಿದವರು ಮಹಡಿ ಏರಿಸಿ ಹೋದರು, ನೋಡದೆ ಇದ್ದವರು ನೋಡದೆ ಇದ್ದರು. ತೆರವಾದದ್ದು ಸುಮಾರು 3,000 ಮೀನು. ಇಡೀ ಪ್ರಕರಣದಲ್ಲಿ ಕೊಟ್ಟ ಕೆಲಸವನ್ನು ಸರಿಯಾಗಿ ಮಾಡಿದವರು ಅವರೊಬ್ಬರೇ. ಕಾರ್ಯಾಚರಣೆಯೂ ಸುಲಭವಾಗಿಯೇ ಮುಗಿದಿರಬೇಕು. ಒತ್ತುವರಿ ಮಾಡಿದ ಮನುಷ್ಯನನ್ನು ಎಬ್ಬಿಸಲು ಹೋದರೆ ವಕೀಲರು ಬರುತ್ತಾರೆ, ಶಾಸಕರ ಫೋನ್ ಬರುತ್ತೆ. ಮೀನು ಬಾಯಿ ತೆರೆಯುತ್ತೆ, ಮುಚ್ಚುತ್ತೆ, ಅಷ್ಟೇ. ಅದನ್ನು ನೋಡಿದವರು ಒಪ್ಪಿಗೆ ಕೊಟ್ಟಿತು ಅಂತಲೇ ಬರೆದುಕೊಳ್ಳಬಹುದು.

ಅದೇ ಊರಿನಲ್ಲಿ ಸಿಯಾಮ್ ಪ್ಯಾರಗಾನ್ ಅಂತ ಇನ್ನೊಂದು ಮಾಲ್ ಇದೆ. 2005ರಲ್ಲಿ ತೆರೆದದ್ದು. ಥಳಥಳ ಹೊಳೆಯುತ್ತೆ. ಅದರ ನೆಲಮಾಳಿಗೆಯಲ್ಲೂ ಮೀನುಗಳಿವೆ. ಅಲ್ಲಿರುವುದು ಅಧಿಕೃತ ಮತ್ಸ್ಯಾಲಯ. ಗಾಜಿನ ಸುರಂಗ, ತಂಪು ಗಾಳಿ, ಟಿಕೆಟ್ ಎಲ್ಲ ಇದೆ. ಅಲ್ಲಿನ ಮೀನುಗಳು ಪರ್ಮನೆಂಟ್ ನೌಕರರು. ಹೊತ್ತಿಗೆ ಸರಿಯಾಗಿ ಊಟ ಬರುತ್ತೆ, ಸೊಳ್ಳೆ ಹಿಡಿಯೋ ಕೆಲಸ ಅವರದಲ್ಲ.